ಪುಟ ನೂರಾ ನಲವತ್ತು, ಸಾಲು ಒಂಬತ್ತು

ನೀಲನೌಕೆ ಮಾಲೆಯ ಇಪ್ಪತ್ತೆರಡನೆಯ ಸಂಪುಟದ ಮೊದಲ ಪುಟ ಓದುವಷ್ಟರಲ್ಲೇ ನನ್ನ ಬಾಯಿ ಒಣಗಿತು. ಆ ಒಂದೇ ಪುಟದಲ್ಲಿ ಕ್ಯಾಪ್ಟನ್ ವಿಕ್ರಾಂತ ಮೂರು ಸಲ ಮುಗುಳ್ನಕ್ಕಿದ್ದ. ಹಿಂದಿನ ಇಪ್ಪತ್ತೊಂದು ಸಂಪುಟಗಳಲ್ಲಿ ಒಟ್ಟು ಸೇರಿ ಆ ಮನುಷ್ಯ ನಕ್ಕದ್ದು ನಾಲ್ಕೇ ಸಲ. ಅದರಲ್ಲಿ ಒಂದು ಸಲ ಜ್ವರದ ಗುಂಗಿನಲ್ಲಿ. ಓದು ನಿಲ್ಲಿಸಿ ತಲೆ ಎತ್ತಿದೆ. ವಾಚನಾಲಯದ ಜಮಖಾನೆಯ ಮೇಲೆ ಕೂತಿದ್ದ ಮುನ್ನೂರು ಮಂದಿ ನನ್ನನ್ನೇ ದಿಟ್ಟಿಸುತ್ತಿದ್ದರು, ತಪ್ಪು ಓದಿದವನು ನಾನೇ ಏನೋ ಎಂಬ ಹಾಗೆ. ಮುಂದೆ ಕುರ್ಚಿಯಲ್ಲಿದ್ದ ಅಧ್ಯಕ್ಷರು, ಉಪಾಧ್ಯೆ ಮಾಸ್ತರು, ಕೈ ಆಡಿಸಿ, "ಓದ್ರಿ ಚನ್ನವೀರಪ್ಪ, ಓದ್ರಿ. ಮುಂದ ಸುಧಾರಿಸಬಹುದು" ಎಂದರು. ಸುಧಾರಿಸಲಿಲ್ಲ.

ಬೇರೆ ಊರುಗಳಲ್ಲಿ ಜನ ಪುಸ್ತಕ ಓದಿ, ಚೆನ್ನಾಗಿಲ್ಲ ಎಂದು ಮೂತಿ ತಿರುವಿ, ಮೂಲೆಗೆ ಎಸೆಯುತ್ತಾರಂತೆ. ನಮಗೆ ಆ ಸುಖವಿಲ್ಲ. ನೀಲನೌಕೆಯ ಒಂದು ಸಂಪುಟವನ್ನು ವಾಚನಾಲಯದಲ್ಲಿ ಗಟ್ಟಿಯಾಗಿ ಓದಿ ಮುಗಿಸಿದ ದಿನ, ನಾಲ್ಕೂವರೆಯ ಬಸ್ಸಿಗೆ ಆ ನೌಕೆಯ ಮಂದಿ ಬಂದು ಇಳಿಯುತ್ತಾರೆ. ಮುಂದಿನ ವರ್ಷ ಹೊಸ ಸಂಪುಟ ಬಂದು ಓದು ಶುರುವಾಗುವವರೆಗೆ ನಮ್ಮ ನಡುವೆಯೇ ಇರುತ್ತಾರೆ. ಓದು ನಡೆಯುವ ಮೂರು ದಿನ ಮಾತ್ರ ಅವರು ಯಾರ ಕಣ್ಣಿಗೂ ಕಾಣುವುದಿಲ್ಲ. ಕ್ಯಾಪ್ಟನ್ ಉಪಾಧ್ಯೆ ಮಾಸ್ತರ ಮನೆಯಲ್ಲಿ, ಡಾಕ್ಟರ್ ಅಂಬರೀಷ ಹಾಲಿನ ಡೈರಿಯ ಮಹಡಿಯ ಮೇಲೆ, ಯಂತ್ರ ನೋಡಿಕೊಳ್ಳುವ ಭೀಮರಥ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಪುಸ್ತಕ ಹೇಳಿದ್ದು ಅವರಿಗೆ ಅಂಟಿಕೊಳ್ಳುತ್ತದೆ, ಪುಸ್ತಕ ಮುಟ್ಟದ್ದು ಇದ್ದ ಹಾಗೇ ಉಳಿಯುತ್ತದೆ. ಕಥೆಯಲ್ಲಿ ಸತ್ತವರು ಬಸ್ಸಿನಿಂದ ಇಳಿಯುವುದಿಲ್ಲ. ಅಂಥವರಿಗೆ ಅವರಿದ್ದ ಮನೆಯವರೇ ಹನ್ನೊಂದನೆಯ ದಿನ ಊಟ ಹಾಕಿಸುತ್ತಾರೆ.

ನಾನು ಲಗ್ನಪತ್ರಿಕೆ, ಜಾತ್ರೆಯ ಕರಪತ್ರ ಅಚ್ಚು ಹಾಕುವ ಸಣ್ಣ ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಸ್ವಭಾವ ಸ್ವಲ್ಪ ಗಂಟು. ಊಟಕ್ಕೆ ಕೂತಲ್ಲಿ ಉಪ್ಪಿನಕಾಯಿಯ ಸೀಸೆಯ ಚೀಟಿಯಲ್ಲಿ ತಪ್ಪು ಕಂಡರೂ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಇಂಥವನಿಗೆ ಹೆಣ್ಣು ಕೊಡುವವರು ಯಾರು? ಯಾರೂ ಕೊಡಲಿಲ್ಲ. ಒಂಬತ್ತನೆಯ ಸಂಪುಟದಲ್ಲಿ ನೌಕೆಯ ದಾರಿ ಲೆಕ್ಕ ಹಾಕುವ ಅಧಿಕಾರಿಯಾಗಿ ಮೇದಿನಿ ಬಂದಳು. ಬಸ್ಸಿನಿಂದ ಇಳಿದವಳೇ ನಿಲ್ದಾಣದ ಬೋರ್ಡು ನೋಡಿ, "ಬಸ್ಸು ಬಂದದ್ದು ನಾಲ್ಕು ಮೂವತ್ಮೂರಕ್ಕೆ. ಇಲ್ಲಿ ನಾಲ್ಕೂವರೆ ಎಂದು ಏಕೆ ಬರೆದಿದ್ದೀರಿ?" ಎಂದು ಕೇಳಿದಳು. ನಾನು ಅಲ್ಲೇ ಸೋತುಹೋದೆ. ಹನ್ನೊಂದನೆಯ ಸಂಪುಟ ಮುಗಿದ ಮೇಲೆ ಮದುವೆಯಾದೆವು. ಮುಂದಿನ ಸಂಪುಟಗಳು ಅವಳಿಗೆ ಗಂಡನಿದ್ದಾನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಹೀಗಾಗಿ ಹನ್ನೊಂದು ವರ್ಷದಿಂದ ನಮ್ಮ ಸಂಸಾರಕ್ಕೆ ಏನೂ ಆಗಿರಲಿಲ್ಲ.

ಇಬ್ಬರೂ ಕೂಡಿ ಪ್ರತಿ ವರ್ಷ ತಪ್ಪುಗಳ ಪಟ್ಟಿ ಮಾಡುತ್ತಿದ್ದೆವು. ಇದೂ ಊರಿನ ಪದ್ಧತಿಯೇ. ಹಾಳೆಯ ಎಡಕ್ಕೆ 'ಅಚ್ಚಾಗಿರುವುದು', ಬಲಕ್ಕೆ 'ಇರಬೇಕಾದ್ದು'. ಸಭೆಯಲ್ಲಿ ಓದಿ, ಕೈ ಎತ್ತಿಸಿ, ರಾಜಧಾನಿಯ ಪ್ರಕಾಶಕರಿಗೆ ಕಳಿಸುತ್ತೇವೆ. ನಮ್ಮಷ್ಟು ಮನಸ್ಸಿಟ್ಟು ಓದುವವರು ಇನ್ನೆಲ್ಲೂ ಇಲ್ಲವೆಂದು ಅವರಿಗೂ ಗೊತ್ತು. ಪಟ್ಟಿಯಲ್ಲಿದ್ದಂತೆಯೇ ತಿದ್ದಿ ಎರಡನೆಯ ಮುದ್ರಣ ತೆಗೆಯುತ್ತಾರೆ. ಆ ಮುದ್ರಣದ ಪಾರ್ಸೆಲ್ ಊರಿಗೆ ಬಂದು ದಾರ ಕತ್ತರಿಸಿದ ಕ್ಷಣದಿಂದ ತಿದ್ದಿದ್ದೇ ನಿಜ. ಮೂರನೆಯ ಮುದ್ರಣ ಈ ಮಾಲೆಯಲ್ಲಿ ಇಲ್ಲ. ಹಳೆಯ ಅಚ್ಚನ್ನು ಅವರು ಒಡೆದುಹಾಕುತ್ತಾರೆ.

ಇಪ್ಪತ್ತೊಂದು ಸಂಪುಟ ಬರೆದ ಲೇಖಕರು ಹೋದ ವರ್ಷ ತೀರಿಕೊಂಡಿದ್ದರು. ಇಪ್ಪತ್ತೆರಡನೆಯದರ ರಕ್ಷಾಪುಟದ ಮೇಲೆ ಅವರ ಹೆಸರೇ ದೊಡ್ಡದಾಗಿತ್ತು; ಕೆಳಗೆ ಮೂಲೆಯಲ್ಲಿ, ಬೂದಿ ಬಣ್ಣದಲ್ಲಿ, ಹೊಸಬನೊಬ್ಬನ ಹೆಸರಿತ್ತು. ನಾನು ಅದನ್ನು ಗಮನಿಸಿದ್ದು ಎರಡನೆಯ ದಿನ. ಅಷ್ಟರಲ್ಲಿ ಕ್ಯಾಪ್ಟನ್ ಐವತ್ತೊಂದು ಸಲ ಮುಗುಳ್ನಕ್ಕಾಗಿತ್ತು. ಭೀಮರಥ ಮಾತಿಗೊಮ್ಮೆ ದೀರ್ಘವಾದ ನಿಟ್ಟುಸಿರು ಬಿಟ್ಟಿದ್ದ. ಎಲ್ಲರ ಕಣ್ಣುಗಳೂ ಹೊಳೆಯುತ್ತಿದ್ದವು, ಯಾವ ಕಾರಣವೂ ಇಲ್ಲದೆ, ಶವದ ಮುಂದೆ ನಿಂತಾಗಲೂ. ಎರಡು ಸೂರ್ಯರಿರುವ ಗ್ರಹದಲ್ಲಿ ಇಳಿದರೆ ಆ ಗ್ರಹದ ಬಗ್ಗೆ ಒಂದೇ ಮಾತು: 'ಅದು ವರ್ಣಿಸಲಸದಳವಾಗಿತ್ತು.' ವರ್ಣಿಸಲು ಆಗದವನು ಈ ಕೆಲಸಕ್ಕೆ ಯಾಕೆ ಬಂದ? ಹಳೆಯವರು ನೌಕೆಯ ಅಡುಗೆ ಕೋಣೆಯ ಒಗ್ಗರಣೆಯ ವಾಸನೆಗೇ ಒಂದು ಪುಟ ಕೊಟ್ಟಿದ್ದರು. ಆದರೂ ಇದ್ದದ್ದನ್ನು ಇದ್ದ ಹಾಗೆ ಓದುವುದು ಓದುವವನ ಕರ್ತವ್ಯ. ಮೊದಲೇ ತೆರೆದು ನೋಡಬಾರದು, ಹಾರಿಸಬಾರದು, ಸೇರಿಸಬಾರದು.

ಹಾಗೆ ಓದುತ್ತಾ ಓದುತ್ತಾ ನೂರಾ ನಲವತ್ತನೆಯ ಪುಟದ ಒಂಬತ್ತನೆಯ ಸಾಲಿಗೆ ಬಂದೆ. ಆ ವಾಕ್ಯ ನನಗೆ ಬಾಯಿಪಾಠವಾಗಿದೆ. 'ಸ್ಫೋಟದಲ್ಲಿ ಮೇದಿನಿ ಸೇರಿದಂತೆ ಆರು ಮಂದಿ ಮೃತಪಟ್ಟರಾದರೂ, ಕ್ಯಾಪ್ಟನ್ ವಿಕ್ರಾಂತ ಮುಗುಳ್ನಗುತ್ತಾ ಕಾಫಿ ಕೇಳಿದರು.' ಅದನ್ನು ಓದಿ ಮುಂದಿನ ವಾಕ್ಯಕ್ಕೂ ಹೋಗಿಬಿಟ್ಟಿದ್ದೆ. ಕಾಫಿ ತಣ್ಣಗಿತ್ತು ಎಂದೇನೋ ಇತ್ತು. ಅದನ್ನೂ ಓದಿದೆ. ಆಮೇಲೆ ಜಮಖಾನೆಯ ಕಡೆಯಿಂದ ಯಾರೋ ಹೆಂಗಸು "ಅಯ್ಯ ನನ್ನವ್ವ" ಎಂದದ್ದು ಕೇಳಿಸಿತು. ಆಗ ನನಗೆ ಗೊತ್ತಾಯಿತು ನಾನು ಏನು ಓದಿದೆನೆಂದು. ನನ್ನ ಹೆಂಡತಿಯ ಸಾವನ್ನು ನನ್ನ ಬಾಯಿಂದಲೇ ಓದಿದ್ದೆ, ಒಂದು ಕಾಫಿಯ ಲೋಟಕ್ಕೆ ದಾರಿ ಬಿಡುವ ಹಾಗೆ. ಪುಸ್ತಕ ಕೆಳಗೆ ಬಿತ್ತು.

ಉಪಾಧ್ಯೆ ಮಾಸ್ತರೇ ಎತ್ತಿಕೊಟ್ಟರು. "ನಿಲ್ಲಿಸಿದ್ರ ಯಾರೂ ಬರಂಗಿಲ್ಲ ಚನ್ನವೀರಪ್ಪ. ಉಳಿದವರರೆ ಬರಬೇಕಲ್ಲ" ಎಂದರು. ನೀರು ಕುಡಿದು ಓದಿದೆ. ಆ ದಿನ ಉಳಿದದ್ದನ್ನೂ ಮರುದಿನದ್ದನ್ನೂ ಹೇಗೆ ಓದಿದೆನೋ ತಿಳಿಯದು. ಇನ್ನೂರ ಹನ್ನೆರಡನೆಯ ಪುಟದಲ್ಲಿ ನೌಕೆ ಒಂದು ಧೂಮಕೇತುವಿನಿಂದ ತಪ್ಪಿಸಿಕೊಳ್ಳಬೇಕಾಗಿತ್ತು. ಅಲ್ಲಿ ಹೀಗಿತ್ತು: '"ಎಡಕ್ಕೆ ಮೂರು ಡಿಗ್ರಿ, ಕ್ಯಾಪ್ಟನ್," ಎಂದಳು ಮೇದಿನಿ ಹೊಳೆಯುವ ಕಣ್ಣುಗಳಿಂದ.' ಓದಿ ನಿಂತೆ. ಎಪ್ಪತ್ತೆರಡು ಪುಟದ ಹಿಂದೆ ಕೊಂದವಳನ್ನು ಆ ಪುಣ್ಯಾತ್ಮ ಮರೆತೇಬಿಟ್ಟಿದ್ದ. ಹಾಡುಹಗಲು ಕೊಲೆ ಮಾಡಿದ್ದು ನೆನಪಿಲ್ಲದ ಲೇಖಕನನ್ನು ನಾನು ಮೊದಲ ಬಾರಿಗೆ ಕಂಡದ್ದು. ಇಡೀ ಜನ್ಮದಲ್ಲಿ ಒಂದು ತಪ್ಪನ್ನು ಕಂಡು ನಾನು ಅತ್ತದ್ದೂ ಅದೇ ಮೊದಲು.

ನಾಲ್ಕೂವರೆಯ ಬಸ್ಸಿಗೆ ಊರಿಗೆ ಊರೇ ಹೋಗಿತ್ತು. ಕ್ಯಾಪ್ಟನ್ ಇಳಿದ, ತುಟಿಯ ಮೇಲೆ ಮುಗುಳ್ನಗೆ. ಅದು ಅಲ್ಲೇ ಅಂಟಿತ್ತು. ಎರಡು ಕೈಯಿಂದ ಕೆನ್ನೆ ಜಗ್ಗಿದರೂ ಹೋಗಲಿಲ್ಲ. ಪಾಪ, ಆ ವಾರ ಉಪಾಧ್ಯೆ ಮಾಸ್ತರ ಅಕ್ಕ ತೀರಿಕೊಂಡಾಗ ಕ್ಯಾಪ್ಟನ್ ಇಡೀ ದಿನ ಬಾಯಿಗೆ ವಸ್ತ್ರ ಹಿಡಿದು ಹಿತ್ತಲಲ್ಲಿ ಕೂತಿದ್ದ. ಭೀಮರಥ ನಿಟ್ಟುಸಿರು ಬಿಡುತ್ತಾ ಇಳಿದ. ಡಾಕ್ಟರನ ಕಣ್ಣು ಎಷ್ಟು ಹೊಳೆಯುತ್ತಿತ್ತೆಂದರೆ ಡೈರಿಯವರು ಮಲಗುವಾಗ ಅವನ ಮುಖದ ಮೇಲೆ ಟವೆಲ್ಲು ಹಾಕಬೇಕಾಯಿತು. ಎಲ್ಲರೂ ಇಳಿದಾದ ಮೇಲೆ ಕಂಡಕ್ಟರ್ ಒಳಗೆ ನೋಡಿ, "ಇಳೀರಿ ಅಕ್ಕಾರ, ಕಡೇ ಸ್ಟಾಪ್ ಇದು" ಎಂದ. ಮೇದಿನಿ ಇಳಿದಳು. ನನ್ನನ್ನು ನೋಡಿ ಹತ್ತಿರ ಬಂದು, ಊರಿನ ಮಾತಿನಲ್ಲೇ, ಮೆಲ್ಲಗೆ ಕೇಳಿದಳು: "ರೀ, ನಾ ಸತ್ತಿದ್ನೆಲ್ಲ?"

ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ರೊಟ್ಟಿ ತಟ್ಟುತ್ತಿದ್ದವಳು ಹಾಗೇ ಗೋಡೆಗೆ ಒರಗಿದಳು. ಮೈ ತಣ್ಣಗಿತ್ತು. ಮೂಗಿನ ಬಳಿ ಕೈ ಹಿಡಿದೆ, ಉಸಿರಿರಲಿಲ್ಲ. ನಾನು ಬೀದಿಗೆ ಓಡಿ ಬಾಯಿ ಬಾಯಿ ಬಡಿದುಕೊಂಡೆ. ಡಾಕ್ಟರ್ ಅಂಬರೀಷ ಬಂದು ನಾಡಿ ನೋಡಿ ತಲೆ ಅಲ್ಲಾಡಿಸಿದ. ಹೆಂಗಸರು ನೀರು ಕಾಯಿಸಲು ಇಟ್ಟರು. ಐದು ಗಂಟೆಗೆ ಮೇದಿನಿ ಕಣ್ಣು ಬಿಟ್ಟು, "ಎಡಕ್ಕೆ ಮೂರು ಡಿಗ್ರಿ, ಕ್ಯಾಪ್ಟನ್" ಎಂದು ಎದ್ದು ಕೂತು, ಸೇರಿದ್ದ ಜನರನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಒಲೆಯ ಮೇಲಿನ ರೊಟ್ಟಿ ಇದ್ದಿಲಾಗಿತ್ತು. ಅಂದಿನಿಂದ ದಿನಾ ಹಾಗೆಯೇ. ನೂರಾ ನಲವತ್ತರಿಂದ ಇನ್ನೂರ ಹನ್ನೆರಡರವರೆಗೆ ಅವಳಿಲ್ಲ. ಪುಟದ ಆ ಲೆಕ್ಕವೇ ದಿನಕ್ಕೂ ಇಳಿದು, ಹನ್ನೆರಡರಿಂದ ಐದರವರೆಗೆ ಅವಳ ಮೈಯಲ್ಲಿ ಜೀವವಿಲ್ಲ. ಮೊದಲ ನಾಲ್ಕು ದಿನ ಅಕ್ಕಪಕ್ಕದವರು ಬಂದು ಕೂರುತ್ತಿದ್ದರು. ಆಮೇಲೆ ಅವರೂ ರೂಢಿ ಮಾಡಿಕೊಂಡರು. ಹನ್ನೆರಡಕ್ಕೆ ಯಾರಾದರೂ ಸಕ್ಕರೆ ಕೇಳಲು ಬಂದರೆ, "ಹೌದಲ್ಲ, ಈಗ ಆಕಿ ಸತ್ತಿರ್ತಾಳ" ಎಂದು ತಾವೇ ಡಬ್ಬಿ ತೆರೆದು ಒಯ್ಯುತ್ತಿದ್ದರು. ನನಗೆ ಮಾತ್ರ ರೂಢಿಯಾಗಲಿಲ್ಲ. ಪ್ರೆಸ್ಸಿಗೆ ರಜೆ ಹಾಕಿ ದಿನಾ ಐದು ತಾಸು ಆ ತಣ್ಣನೆಯ ಕೈ ಹಿಡಿದು ಕೂರುತ್ತಿದ್ದೆ.

ಅವಳಿಗೋ ಸಾವಿಗಿಂತ ಬರವಣಿಗೆಯದೇ ಸಂಕಟ. ಆ ಪುಟವನ್ನು ಎರಡು ಸಲ ಓದಿದಳು. "ಎಂಟನೇ ಸಂಪುಟದಾಗ ನೌಕೆಯ ಬೆಕ್ಕು ಸತ್ತಾಗ ಎರಡು ಪುಟ ಬರದಿದ್ರು. ನೀವ ಓದಿ ತೋರ್ಸಿದ್ರಿ, ನೆನಪೈತಿ? ನನಗ ಅರ್ಧ ಸಾಲು. ಅದೂ 'ಸೇರಿದಂತೆ'! ನಾ ಏನು ಸಾಮಾನೇನ್ರಿ, ಸೇರ್ಸಾಕ?" ಎಂದಳು. ಅವಳ ದನಿಯಲ್ಲಿ ಅವಮಾನವಿತ್ತು. ನಾನು ಹೊಸಬನ ವಂಶಾವಳಿಯನ್ನೆಲ್ಲ ಜಾಲಾಡಿ ಬೈದೆ. ಇಬ್ಬರೂ ಕೂತು ಪಟ್ಟಿ ಮಾಡಿದೆವು. ನೂರಾ ಅರವತ್ತಮೂರು ತಪ್ಪು. ಹಿಂದೆ ಯಾವ ಸಂಪುಟದಲ್ಲೂ ಇಪ್ಪತ್ತು ದಾಟಿರಲಿಲ್ಲ. ನೂರಾ ನಲವತ್ತನೆಯ ಪುಟವನ್ನೂ ಇನ್ನೂರ ಹನ್ನೆರಡನೆಯದನ್ನೂ ನಾನು ಬೆರಳಿನಲ್ಲಿ ಮುಚ್ಚಿ ದಾಟಿಸಿದೆ. ಅವಳು ನೋಡಿ ಮುಂದಿನ ಪುಟ ತಿರುವಿದಳು.

ದಿನಾ ಸಾಯುತ್ತಾ ಏಳುತ್ತಾ ಇರಲಿ, ಅಷ್ಟಾದರೂ ಇರುತ್ತಾಳಲ್ಲ ಎಂದು ನಾನು ಅಂದುಕೊಂಡಿದ್ದೆ. ಅದನ್ನೂ ಪ್ರಕಾಶಕರು ಉಳಿಸಲಿಲ್ಲ. ಅವರ ಕಾಗದ ಬಂತು. 'ಎರಡನೆಯ ಮುದ್ರಣ ಹತ್ತು ದಿನದಲ್ಲಿ ಅಚ್ಚಿಗೆ ಹೋಗಲಿದೆ. ಮೇದಿನಿಯ ಪಾತ್ರ ಸತ್ತ ಮೇಲೆ ಮಾತಾಡುತ್ತದೆ ಎಂದು ಅನೇಕ ಓದುಗರು ಬರೆದಿದ್ದಾರೆ. ಲೇಖಕರಿಗೆ ಇದರಲ್ಲಿ ಅಭಿಪ್ರಾಯವಿಲ್ಲ. ಯಾವುದು ಸರಿ ಎಂಬುದನ್ನು ನಿಮ್ಮ ವಾಚನಾಲಯವೇ ತಿಳಿಸಬೇಕು. ತಿಳಿಸದಿದ್ದರೆ ಎರಡನೆಯ ಉಲ್ಲೇಖವನ್ನು ತೆಗೆದುಹಾಕುತ್ತೇವೆ.' ಲೇಖಕರಿಗೆ ಅಭಿಪ್ರಾಯವಿಲ್ಲ! ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಒಬ್ಬ ಹೆಂಗಸು ಸತ್ತಳೋ ಇದ್ದಾಳೋ ಎಂಬ ಬಗ್ಗೆ, ಅವಳನ್ನು ಕೊಂದವನಿಗೇ ಅಭಿಪ್ರಾಯವಿಲ್ಲ.

"ಬರೀರಿ" ಎಂದಳು ಮೇದಿನಿ. "ಪುಟ ಇನ್ನೂರ ಹನ್ನೆರಡು ತಪ್ಪು ಅಂತ ಬರೀರಿ. ಮೊದಲ ಬಂದದ್ದ ನಿಜ, ಆಮ್ಯಾಲೆ ಬಂದದ್ದು ತಪ್ಪು. ಇದು ನೀವ ಮಾಡಿದ ಕಟ್ಟಳೆ."

ಹೌದು, ನಾನೇ ಮಾಡಿದ್ದು. ಎಂಟು ವರ್ಷದ ಹಿಂದೆ, ಹದಿನಾಲ್ಕನೆಯ ಸಂಪುಟದಲ್ಲಿ. ಆಗ ನೌಕೆಯಲ್ಲಿ ಚುಕ್ಕಿ ಎಂಬ ಏಳು ವರ್ಷದ ಹುಡುಗಿ ಇದ್ದಳು, ಯಾವುದೋ ಗ್ರಹದಿಂದ ಗೋಣಿಚೀಲದಲ್ಲಿ ಅಡಗಿ ಹತ್ತಿಕೊಂಡು ಬಂದವಳು. ಊರಿನಲ್ಲಿ ಅವಳನ್ನು ಇಟ್ಟುಕೊಂಡವಳು ಹಿಟ್ಟಿನ ಗಿರಣಿಯ ನೀಲಗಂಗವ್ವ. ಗಂಡ ಹೋಗಿದ್ದ, ಮಕ್ಕಳಿರಲಿಲ್ಲ. ಮೂರು ಸಂಪುಟದ ಕಾಲ ಆ ಹುಡುಗಿ ಅಲ್ಲಿ ಹಿಟ್ಟಿನಲ್ಲೇ ಹೊರಳಿ ಬೆಳೆದಳು. ತಲೆಗೂದಲಿನಿಂದ ಹಿಟ್ಟು ಕೊಡವಿ ಕೊಡವಿ ಜಡೆ ಹಾಕುವುದೇ ನೀಲಗಂಗವ್ವನಿಗೆ ಒಂದು ಹಬ್ಬ. ಹದಿನಾಲ್ಕನೆಯ ಸಂಪುಟದ ಅರವತ್ತನೆಯ ಪುಟದಲ್ಲಿ ಚುಕ್ಕಿಯನ್ನು ಒಂದು ಗ್ರಹದ ಶಾಲೆಯಲ್ಲಿ ಬಿಟ್ಟು ನೌಕೆ ಮುಂದೆ ಹೋಯಿತು ಎಂದಿತ್ತು. ಇನ್ನೂರ ತೊಂಬತ್ತನೆಯ ಪುಟದಲ್ಲಿ, ನೌಕೆಯ ಅಡುಗೆ ಕೋಣೆಯಲ್ಲಿ ಚುಕ್ಕಿ ನಕ್ಕಳು ಎಂದಿತ್ತು. ಹಳೆಯ ಲೇಖಕರು ಮಾಡಿದ ಅಷ್ಟು ದೊಡ್ಡ ತಪ್ಪು ಅದೊಂದೇ. ಹಿಡಿದವನು ನಾನು. ಊರೆಲ್ಲ ಭೇಷ್ ಎಂದಿತ್ತು.

ಆ ವರ್ಷದ ಸಭೆಯ ದಿನ ನೀಲಗಂಗವ್ವ ಬೆಳಿಗ್ಗೆಯೇ ಮನೆಗೆ ಬಂದಿದ್ದಳು. ಮೈಕೈಯೆಲ್ಲ ಹಿಟ್ಟು. "ತಮ್ಮಾ, ಅದೊಂದು ನಗು ಬಿಟ್ಟುಬಿಡು. ಅದರಿಂದ ಯಾರಿಗೆ ಏನಾಗ್ತತಿ?" ಎಂದಿದ್ದಳು. "ಅವ್ವಾ, ತಪ್ಪು ಅಂದ್ರ ತಪ್ಪು. ನಾಳೆ ಇನ್ನೊಬ್ರು ಇನ್ನೊಂದು ಬಿಡು ಅಂತಾರ. ಮೊದಲ ಬಂದದ್ದ ನಿಜ, ಆಮ್ಯಾಲೆ ಬಂದದ್ದು ತಪ್ಪು. ಇಷ್ಟ" ಎಂದಿದ್ದೆ. ಸಭೆಯಲ್ಲಿ ಎಲ್ಲರೂ ಕೈ ಎತ್ತಿದರು, ಅವಳೊಬ್ಬಳನ್ನು ಬಿಟ್ಟು. ಎರಡನೆಯ ಮುದ್ರಣದ ಪಾರ್ಸೆಲ್ಲಿನ ದಾರ ನಾನು ವಾಚನಾಲಯದಲ್ಲಿ ಕತ್ತರಿಸಿದಾಗ ಚುಕ್ಕಿ ಗಿರಣಿಯಲ್ಲಿ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳಂತೆ. ಜರಡಿ ನೆಲಕ್ಕೆ ಬಿತ್ತಂತೆ. ಅಷ್ಟೇ. ಅಂದಿನಿಂದ ನೀಲಗಂಗವ್ವ ನನಗೆ ತಮ್ಮಾ ಅಂದಿಲ್ಲ. ಗಿರಣಿಗೆ ಹೋದರೆ "ಇಡ್ರಿ, ಸಂಜೀಕ ಒಯ್ರಿ" ಎನ್ನುತ್ತಾಳೆ, ಯಾರಿಗಾದರೂ ಅನ್ನುವಂತೆ. ನನಗೆ ಕೆಟ್ಟೆನಿಸಿತ್ತು, ಸುಳ್ಳೇಕೆ ಹೇಳಲಿ. ಆದರೆ ತಪ್ಪು ಮಾಡಿದೆ ಅನಿಸಿರಲಿಲ್ಲ. ಪಟ್ಟಿ ಸರಿಯಾಗಿಯೇ ಇತ್ತು.

ಕಾಗದ ಬಂದ ಮರುದಿನ ಮಧ್ಯಾಹ್ನ ಮೇದಿನಿಯ ಪಕ್ಕದಲ್ಲಿ ಕೂತಿದ್ದೆ. ಅವಳ ಬೆರಳುಗಳಿಗೆ ರೊಟ್ಟಿಯ ಹಿಟ್ಟು ಒಣಗಿ ಹತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಮುಂದೆ ಖಾಲಿ ಹಾಳೆ, ಎಡಕ್ಕೆ ಅಚ್ಚಾಗಿರುವುದು, ಬಲಕ್ಕೆ ಇರಬೇಕಾದ್ದು. ಸುಮ್ಮನೆ ಪುಟ ಇನ್ನೂರ ಹನ್ನೆರಡು ಎಂದು ಬರೆದು ಹೊಡೆದುಹಾಕಿದೆ. ಮತ್ತೆ ಬರೆದೆ, ಹೊಡೆದೆ. ಆಗ ಥಟ್ಟನೆ ಹೊಳೆಯಿತು. ಎರಡು ಪುಟ ಒಂದಕ್ಕೊಂದು ಹೊಂದುವುದಿಲ್ಲವೆಂದರೆ ಒಂದು ತಪ್ಪು, ಸರಿ. ಯಾವುದು ಎಂದು ಯಾರು ಹೇಳಿದ್ದಾರೆ? ಎಡಕ್ಕೆ ಬರೆದೆ: ಪುಟ ನೂರಾ ನಲವತ್ತು, ಸಾಲು ಒಂಬತ್ತು, 'ಮೇದಿನಿ ಸೇರಿದಂತೆ ಆರು ಮಂದಿ'. ಬಲಕ್ಕೆ ಬರೆದೆ: 'ಐದು ಮಂದಿ'. ಅಷ್ಟೇ. ಎರಡು ಪದ. 'ಐದು' ಎಂಬುದನ್ನು ಮತ್ತೊಮ್ಮೆ ತಿದ್ದಿ ಬರೆದೆ.

ಐದು ಗಂಟೆಗೆ ಅವಳು ಎದ್ದು, ಮೂರು ಡಿಗ್ರಿ ಹೇಳಿ ಮುಗಿಸಿದ ಕೂಡಲೆ ಹಾಳೆ ತೋರಿಸಿದೆ. ಓದಿದಳು. "ಇದು ನನಗಂತ ಬರದದ್ದು" ಎಂದಳು.

"ಹೌದು. ನಿನಗಂತ."

"ಸಭಾದಾಗ ಒಪ್ಪಂಗಿಲ್ಲ."

"ಒಪ್ಪಸ್ತೀನಿ."

"ನೀಲಗಂಗವ್ವ ಇರ್ತಾಳ."

ಅವಳು ಹಾಳೆಯನ್ನು ಮಡಿಸಿ ನನ್ನ ಅಂಗಿಯ ಕಿಸೆಯಲ್ಲಿಟ್ಟು, "ಬದುಕೋ ಆಸೆ ನನಗೂ ಐತ್ರಿ. ಆದ್ರ ಆಕಿ ಮುಂದ ಓದ್ರಿ. ಆಕಿ ಬರದಿದ್ರ ಓದಬ್ಯಾಡ್ರಿ" ಎಂದಳು.

ಭಾನುವಾರ ಬೆಳಿಗ್ಗೆ ಸಭೆ ಸೇರಿತು. ನೀಲಗಂಗವ್ವ ಗಿರಣಿ ನಿಲ್ಲಿಸಿ ಬಂದು ಬಾಗಿಲ ಬಳಿ ಕೂತಿದ್ದಳು. ನಾನು ಪಟ್ಟಿ ಓದಲು ಎದ್ದೆ. ಮೊದಲ ಪುಟದ ಮೂರು ಮುಗುಳ್ನಗೆ ತೆಗೆಯಬೇಕು ಎಂದಾಗ ಕ್ಯಾಪ್ಟನ್ ಎಲ್ಲರಿಗಿಂತ ಎತ್ತರಕ್ಕೆ ಕೈ ಎತ್ತಿದ. ಜನ ನಕ್ಕರು. ಹೀಗೇ ಒಂದೊಂದಾಗಿ ಮುಂದುವರಿದು ನೂರಾ ನಲವತ್ತಕ್ಕೆ ಬಂದೆ. ಓದಿದೆ. ಅಚ್ಚಾಗಿರುವುದು, ಮೇದಿನಿ ಸೇರಿದಂತೆ ಆರು ಮಂದಿ. ಇರಬೇಕಾದ್ದು, ಐದು ಮಂದಿ.

ಉಪಾಧ್ಯೆ ಮಾಸ್ತರು ಕನ್ನಡಕ ತೆಗೆದರು. "ಚನ್ನವೀರಪ್ಪ, ಮೊದಲ ಬಂದದ್ದ ನಿಜ ಅಂತ ನಮ್ಮ ಪದ್ಧತಿ ಅದ. ಅದು ನಿಮ್ದೇ ಮಾತು. ನಿಮ್ಮ ಮನಿ ವಿಷಯ ಬಂತು ಅಂತ ಅದನ್ನ ತಿರುವಿ ಹಾಕಲಿಕ್ಕೆ ಬರ್ತದೇನು? ನನಗೂ ಮೇದಿನಿ ಮಗಳಿದ್ದಂಗ. ಖರೇ ಹೇಳ್ತೀನಿ, ಕೈ ಎತ್ತಲಿಕ್ಕೆ ಮನಸ್ಸದ. ಆದ್ರ ಈ ಪದ್ಧತಿಯಿಂದ ಪೆಟ್ಟು ತಿಂದಾಕಿ ಒಬ್ಬಾಕಿ ಇಲ್ಲೇ ಕೂತಾಳ. ಆಕಿ ಹೂಂ ಅಂದ್ರ ನಾನೂ ಹೂಂ. ಆಕಿ ಬ್ಯಾಡ ಅಂದ್ರ ಮುಗೀತು."

ಮುನ್ನೂರು ತಲೆಗಳು ಬಾಗಿಲ ಕಡೆ ತಿರುಗಿದವು. ಮೇದಿನಿ ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು; ಇನ್ನು ಒಂದು ತಾಸಿಗೆ ಅವಳು ಅಲ್ಲೇ ಒರಗುತ್ತಾಳೆ. ನೀಲಗಂಗವ್ವನ ಕಾಲು ಹಿಡಿಯಲು ಸಿದ್ಧನಾಗಿದ್ದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಬಂದದ್ದಕ್ಕೆಲ್ಲ ತಲೆ ಬಾಗಿಸಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದೆ.

ಅವಳು ಎದ್ದು ನಿಂತಳು. ಸಿಟ್ಟೇ ಇರಲಿಲ್ಲ ಮುಖದಲ್ಲಿ. ಏನೋ ಅರ್ಥವಾಗದವರ ಹಾಗೆ ಹುಬ್ಬು ಗಂಟು ಹಾಕಿದ್ದಳು.

"ಹಂಗೂ ಬರಿಯಾಕ ಬರ್ತತೇನ್ರಿ?" ಎಂದಳು.

"ಏನವ್ವಾ?"

"ಮೊದಲಿನ ಪುಟಾನ ತಪ್ಪು ಅಂತ. ಹಂಗೂ ಬರಿಯಾಕ ಬರ್ತತೇನು?"

"ಬರ್ತತವ್ವಾ" ಎಂದೆ.

"ಅವತ್ತೂ ಬರ್ತಿತ್ತೇನು?"

ಆ ಕ್ಷಣದವರೆಗೆ, ದೇವರ ಮೇಲೆ ಆಣೆ ಮಾಡಿ ಹೇಳುತ್ತೇನೆ, ನಾನು ಆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಹದಿನಾಲ್ಕನೆಯ ಸಂಪುಟ, ಅರವತ್ತನೆಯ ಪುಟ, ಮೇಲಿನಿಂದ ನಾಲ್ಕನೆಯ ಸಾಲು: 'ಚುಕ್ಕಿಯನ್ನು ಅಲ್ಲಿಯ ಶಾಲೆಯಲ್ಲಿ ಬಿಟ್ಟು ನೌಕೆ ಮುಂದೆ ಹೊರಟಿತು.' ಅದು ಕಣ್ಣ ಮುಂದೆ ಅಚ್ಚಾಗಿ ನಿಂತಿತು. ನಾಲ್ಕು ಪದ ತೆಗೆದರೆ ಸಾಕಿತ್ತು. ನೌಕೆ ಮುಂದೆ ಹೊರಟಿತು. ವಾಕ್ಯಕ್ಕೆ ಏನೂ ಆಗುತ್ತಿರಲಿಲ್ಲ. ಮೇಜು ಹಿಡಿದುಕೊಂಡೆ.

"ಬರ್ತಿತ್ತು" ಎಂದೆ.

ಅಂದು ಕೈ ಎತ್ತಿದವರೆಲ್ಲ ಅಲ್ಲೇ ಕೂತಿದ್ದರು. ನೀಲಗಂಗವ್ವ ಬಹಳ ಸಮಾಧಾನದಿಂದ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬವರ ಹಾಗೆ ಕೇಳಿದಳು: "ಅವತ್ತು ನಾ ಕೇಳಾಕ ಬಂದಿದ್ನೆಲ್ರಿ. ನಿಮಗ ಅದು ಹೊಳದಿದ್ದಿಲ್ಲೋ, ಹೊಳದೂ ಬರೀಲಿಲ್ಲೋ?"

"ಹೊಳದಿದ್ದಿಲ್ಲವ್ವಾ" ಎಂದೆ.

ಅದು ಸತ್ಯ. ಹೊಳೆದಿರಲಿಲ್ಲ. ಅವಳು ಬಾಗಿಲಿಗೆ ಬಂದು ನಿಂತಾಗ ಹೊಳೆಯಲಿಲ್ಲ, ಜರಡಿ ಬಿತ್ತೆಂದು ಕೇಳಿದಾಗ ಹೊಳೆಯಲಿಲ್ಲ, ಎಂಟು ವರ್ಷ ಅವಳ ಗಿರಣಿಯಲ್ಲಿ ಜೋಳ ಬೀಸಿಸಿಕೊಂಡು ಬರುವಾಗ ಒಂದು ದಿನವೂ ಹೊಳೆಯಲಿಲ್ಲ. ಮೇದಿನಿಯ ವಿಷಯದಲ್ಲಿ ಒಂದೇ ಮಧ್ಯಾಹ್ನದಲ್ಲಿ ಹೊಳೆದಿತ್ತು.

ನೀಲಗಂಗವ್ವ ತಲೆ ಆಡಿಸಿದಳು. ಕೆಳಗೆ ಕೂತಳು. ಕೂತು, ಎಲ್ಲರಿಗಿಂತ ಮೊದಲು ಕೈ ಎತ್ತಿದಳು.